ಕುಕ್ಕರಿನಲ್ಲಿ ಬೆಂದ ದಪ್ಪ ಪಿಜ್ಜಾ

ನೀರು ಹಾಕದ ಕುಕ್ಕರನ್ನು ಉರಿಯುವ ಗ್ಯಾಸಿನ ಮೇಲೆ ಇಡಬೇಕಂತೆ. ಬೇಲೂರಿಗೆ ಬಂದ ಮೇಲೆ ಎಷ್ಟೋ ಹೊಸದನ್ನು ಕಂಡಿದ್ದೇನೆ, ಆದರೆ ಈ ಮಾತು ಕೇಳಿ ಎದೆ ಧಸಕ್ಕೆಂದಿತು.

ಕಣಕಟ್ಟೆಯಲ್ಲಿರುವ ನನ್ನ ಮೊಮ್ಮಕ್ಕಳೇ, ನಿಮ್ಮ ತಾತ ಹೋದ ಮೇಲೆ ಲತಾ ಅತ್ತೆ ನನ್ನನ್ನು ಇಲ್ಲಿಗೆ ಕರೆತಂದದ್ದು ನಿಮಗೆ ಗೊತ್ತು. ಅವಳು ಆಫೀಸಿಗೆ ಹೋದರೆ ಅವಳ ಮಗಳು ಗೌತಮಿಗೆ ನಾನು, ನನಗೆ ಗೌತಮಿ. ಅಲ್ಲಿ ಸೌದೆ ಒಲೆಯ ಹೊಗೆ ಯಾರನ್ನೂ ಕೇಳದೆ ಕೇರಿಯೆಲ್ಲ ಸುತ್ತುತ್ತಿತ್ತು. ಇಲ್ಲಿ ಒಗ್ಗರಣೆ ಹಾಕಲೂ ಅಳುಕು. ಮಾಂಸ, ಮೀನು ಬೇಯಿಸುವವರಿಗೆ ಮನೆ ಕೊಡುವುದಿಲ್ಲ ಎಂದು ಮಹಡಿಯಲ್ಲಿರುವ ಮನೆಯ ಯಜಮಾನಿ ಮೊದಲೇ ಹೇಳಿದ್ದರು. ಬೇರೇನೂ ಕೇಳಿರಲಿಲ್ಲ. ಮುಂಚೆ ನೋಡಿದ ಮನೆಗಳವರು ನೀವು ಯಾವ ಜನ ಎಂದೂ ಕೇಳಿದ್ದರು. ಕೇಳಿದ ಮೇಲೆ ಮನೆ ಖಾಲಿಯಿಲ್ಲ ಅಂದಿದ್ದರು. ಇದೂ ಕೈತಪ್ಪಿದರೆ ಗೌತಮಿಯ ಶಾಲೆಯ ಗತಿಯೇನು ಎಂಬ ಭಯ ನನಗೆ ಯಾವಾಗಲೂ.

ಗೌತಮಿ ಒಂದು ಶನಿವಾರ ಮಾಡಲು ಹೊರಟದ್ದು ಅರಸೀಕೆರೆಯ ಬೇಕರಿಯಲ್ಲಿ ನೀವು ತಿಂದ ತೆಳ್ಳನೆಯ ಪಿಜ್ಜಾ ಅಲ್ಲ. ಡೀಪ್ ಡಿಶ್ ಅಂತೆ. ಆಳದ ಡಬ್ಬಿಯೊಳಗೆ ಮೈದಾ ಹಿಟ್ಟನ್ನು ಗೋಡೆಯ ಹಾಗೆ ಅಂಚಿನವರೆಗೂ ಒತ್ತಿ, ತಳಕ್ಕೆ ಚೀಸ್, ಅದರ ಮೇಲೆ ದಪ್ಪ ಮೆಣಸಿನಕಾಯಿ, ಎಲ್ಲದರ ಮೇಲೆ ಟೊಮೆಟೊ ಗೊಜ್ಜು. ರಾಗಿ ರೊಟ್ಟಿ ತಟ್ಟಿದ ಕೈಗೆ ಅದು ಸುಲಭವಾಗಿ ಬಂತು. ಓವನ್ ಇಲ್ಲದ್ದರಿಂದ ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಮುಚ್ಚಳದ ರಬ್ಬರು, ವಿಶಲ್ ಎರಡೂ ತೆಗೆದು ಬೇಯಿಸಬೇಕು ಎಂದು ಹೇಳಿ, ಡಬ್ಬಿ ಒಳಗಿಟ್ಟು ಗ್ಯಾಸ್ ಹಚ್ಚಿ ಅವಳು ಸ್ನಾನಕ್ಕೆ ಹೋದಳು. ರಬ್ಬರಿಲ್ಲದ ಮುಚ್ಚಳ ಹಾರಿ ಸೂರಿಗೆ ಬಡಿದರೆ? ಸುಮ್ಮನಿರಲಾರದೆ ಎರಡನ್ನೂ ಮತ್ತೆ ಹಾಕಿ ಬಾಗಿಲ ಹತ್ತಿರ ನಿಂತೆ.

ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಮನೆ ತುಂಬಿತು. ಯಜಮಾನಿ ದಡದಡ ಇಳಿದು ಬಂದರು.

“ಏನ್ರೀ ಇದು, ಒಣಮೀನು ಸುಡ್ತಿದ್ದೀರಾ?”

ಗೌತಮಿ ಒದ್ದೆ ತಲೆಯಲ್ಲೇ ಓಡಿಬಂದು, ಗ್ಯಾಸ್ ಆರಿಸಿ, ಮುಚ್ಚಳ ತೆಗೆದು, ಸುಟ್ಟ ರಬ್ಬರು ತೋರಿಸಿದಳು.

“ಮೀನಲ್ಲ ಆಂಟಿ, ಪಿಜ್ಜಾ. ನಮ್ಮಜ್ಜಿ ಇದನ್ನೂ ಮೂರು ಕೂಗು ಕೂಗ್ಸೋಕೆ ಹೊರಟಿದ್ರು.”

ಯಜಮಾನಿ ನಕ್ಕರು. ನಗುತ್ತಲೇ ನನ್ನ ಕಡೆ ತಿರುಗಿದರು. “ಕಣಕಟ್ಟೆ ಅಂದಿದ್ರಲ್ಲ, ನಮ್ ಚಿಕ್ಕಮ್ಮನ ಮನೇನೂ ಅಲ್ಲೇ. ನಿಮ್ದು ಊರೊಳಗಾ?”

ಯಾರಾದರೂ ಕೇಳಿದರೆ ತೋಟದ ಕಡೆ ಅನ್ನು ಎಂದು ಲತಾ ಹೇಳಿಕೊಟ್ಟಿದ್ದಳು. ಆದರೆ ಗೌತಮಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳೆದುರಿಗೆ ನಮ್ಮ ಕೇರಿಯನ್ನು, ಅಲ್ಲಿರುವ ನಿಮ್ಮನ್ನು, ಇಲ್ಲವೆನ್ನಲು ಆಗಲಿಲ್ಲ.

“ಅಲ್ಲ ಕಣ್ರಮ್ಮ. ಊರಾಚೆ. ಕೇರಿಯೋರು ನಾವು.”

ಅವರ ನಗು ನಿಂತಿತು. ಗೌತಮಿ ಒಂದು ತುಂಡು ಕತ್ತರಿಸಿ ತಟ್ಟೆಗೆ ಹಾಕಿ ಕೊಟ್ಟಳು. ಅವರು ತಟ್ಟೆಯನ್ನು ನೋಡುತ್ತ ನಿಂತು, ಅದನ್ನು ಹಿಡಿದುಕೊಂಡು ಮೇಲೆ ಹೋದರು. ತಿಂದರೋ, ನಾಯಿಗೆ ಹಾಕಿದರೋ ಕಾಣೆ.

ಸಂಜೆ ಬಂದ ಲತಾ ಬೈಯಲಿಲ್ಲ. ತಳ ಸೀದ ಪಿಜ್ಜಾ ತಿನ್ನುತ್ತ, “ಹೋಗಿ ಅಂದ್ರೆ ಹೋಗಾನ ಬಿಡವ್ವ,” ಅಂದಳು.

ಕೆಳಮನೆಯ ನಲ್ಲಿಗೆ ಬೆಳಿಗ್ಗೆ ಯಜಮಾನಿಯೇ ಮಹಡಿಯಿಂದ ನೀರು ಬಿಡುವುದು. ಮಾರನೆಯ ದಿನ ಬಿಂದಿಗೆ ಇಟ್ಟು ಕಾದೆ. ದಿನಾ ಬಿಡುವ ಹೊತ್ತು ಮೀರಿತು. ಆಮೇಲೆ ನೀರು ಬಂತು. ಅವರು ಬಗ್ಗಿ ನೋಡಲಿಲ್ಲ, ನಾನೂ ತಲೆಯೆತ್ತಲಿಲ್ಲ.

ಕಣಕಟ್ಟೆಯಲ್ಲಿ ನಾನು ಎಲ್ಲಿ ನಿಲ್ಲಬೇಕೆಂದು ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಲ್ಲಿ ದಿನವೂ ಹೊಸದಾಗಿ ತಿಳಿಯಬೇಕು. ಯಾವಾಗ ಬರ್ತೀಯಜ್ಜಿ ಎಂದು ನೀವು ಫೋನಿನಲ್ಲಿ ಕೇಳುತ್ತೀರಿ. ಬರುವ ಆಸೆ ಬಹಳ ಇದೆ. ಆದರೆ ಒಮ್ಮೆ ಬಂದುಬಿಟ್ಟರೆ, ತಿರುಗಿ ಈ ಮನೆಯ ಹೊಸಿಲು ದಾಟುವಷ್ಟು ಧೈರ್ಯ ಮತ್ತೆ ಸಿಕ್ಕುವುದೋ ಇಲ್ಲವೋ ಎಂದು ಹೆದರುತ್ತೇನೆ.