ನೂರಕ್ಕೆ ಎಷ್ಟು?

ಚಿನಕುರಳಿಯ ತಿಮ್ಮರಾಜು ಹುಟ್ಟಿದಾರಭ್ಯ ಇಸ್ಪೀಟು ಎಲೆ ಮುಟ್ಟಿದವನಲ್ಲ. ಆದರೂ ಪೋಕರ್ ಎಂಬ ಪರದೇಶದ ಆಟದಲ್ಲಿ ತನ್ನನ್ನು ಮೀರಿಸುವವರು ಜಿಲ್ಲೆಯಲ್ಲೇ ಇಲ್ಲವೆಂಬುದು ಅವನ ಗಟ್ಟಿ ನಂಬಿಕೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿದ್ದೇ ತಡ, ಲೂನಾ ಹತ್ತಿ ಪಾಂಡವಪುರದಲ್ಲಿ ಹೊಸದಾಗಿ ಶುರುವಾದ ಕಂಪ್ಯೂಟರ್ ಸೆಂಟರಿಗೆ ಓಡುತ್ತಾನೆ. ಮಿಕ್ಕವರು ಟೈಪಿಂಗ್ ಕಲಿಯುತ್ತಿದ್ದರೆ ಇವನ ಪರದೆಯ ಮೇಲೆ ಪೋಕರಿನ ಲೆಕ್ಕ ಕಲಿಸುವ ಆಟ ತೆರೆದು, ಕೆಂಪು ಹೃದಯದ ಗುರುತಿನ ನಾಲ್ಕು ಆಟೀನ್ ಎಲೆ ಬಂದು ಕೂರುತ್ತವೆ. ಐದನೆಯದೂ ಆಟೀನೇ ಬೀಳುವುದು ನೂರಕ್ಕೆ ಎಷ್ಟು ಸಲ ಎಂದು ಯಂತ್ರ ಕೇಳುತ್ತದೆ. ಇವನು ಒತ್ತಿದ ಅಂಕಿ ತಪ್ಪಾದರೆ ಕುಂಯ್ ಅನ್ನುತ್ತದೆ, ಸರಿಯಾದರೆ ಹೊಸ ಎಲೆ ಹಂಚುತ್ತದೆ. ಈ ಚಾಳಿ ಅವನ ಜೊತೆ ಊರಿಗೂ ಬಂತು. ರಸ್ತೆಯಲ್ಲಿ ಕಾಯುತ್ತಾ ನಿಂತವರಿಗೆ, "ಕೆ.ಆರ್.ಪೇಟೆ ಬಸ್ಸು ಬರಾದು ನೂರಕ್ಕೆ ಮೂವತ್ತು ಕಣ್ಲಾ, ನಡ್ಕೊಂಡೇ ಓಗು" ಅನ್ನುತ್ತಾನೆ. ಅವರವ್ವ ದೇವರ ಹತ್ತಿರ ಹೂ ಕೇಳಿ, ಬಲಕ್ಕೆ ಬಿತ್ತೆಂದು ಹಿಗ್ಗಿದರೆ, "ಎಡುಕ್ ಬೀಳಾಕೂ ಐವತ್ತಿತ್ತು ಕಣವ್ವ" ಎಂದು ಬೈಸಿಕೊಳ್ಳುತ್ತಾನೆ. ಮಳೆ ಬರುವುದು ನೂರಕ್ಕೆ ಅರವತ್ತಾದರೂ ಇದೆಯೆಂದು ತನ್ನ ಲೆಕ್ಕಕ್ಕೆ ಬಾರದೆ ಛತ್ರಿ ಮುಟ್ಟುವುದಿಲ್ಲ. ಹಾಗಾಗಿ ತೊಯ್ದುಕೊಂಡೇ ಮನೆಗೆ ಬರುತ್ತಾನೆ. ಇಂಥವನ ಹೆಂಡತಿ ಜಯಲಕ್ಷ್ಮಮ್ಮನಿಗೆ ಹೋದ ವರ್ಷ ಹೊಟ್ಟೆಯ ಆಪರೇಷನ್ನು ಆಗಬೇಕಾಯಿತು. ಡಾಕ್ಟರು ಕನ್ನಡಕ ತೆಗೆದು, "ನೋಡಪ್ಪ, ಉಳಿಯೋದು ನೂರಕ್ಕೆ..." ಅನ್ನುತ್ತಿದ್ದ ಹಾಗೇ ತಿಮ್ಮರಾಜು ಅವರ ಎರಡೂ ಕೈ ಹಿಡಿದುಕೊಂಡ. "ಲೆಕ್ಕ ಮಾತ್ರ ಯೋಳ್ಬೇಡಿ ಸಾ. ಒಳಿಕ್ಕೆ ಓಗಿ." ಈಗಲೂ ಅವಳು ಊಟಕ್ಕಿಡುವಾಗ, "ಅವತ್ತು ನಂದು ನೂರಕ್ಕೆ ಎಷ್ಟಿತ್ತು?" ಎಂದು ಕೆಣಕುತ್ತಾಳೆ. ತಿಮ್ಮರಾಜು ತಟ್ಟೆಯಿಂದ ತಲೆ ಎತ್ತುವುದಿಲ್ಲ. "ಮುದ್ದೆ ಆರೋಯ್ತದೆ, ಸಾರು ಬುಡು" ಅನ್ನುತ್ತಾನೆ.