ಕಾಕುವಿನ ಕ್ಯಾಸೆಟ್ಟಿಗೆ ಹಾಡು ಹಾಕಿಸಿದ್ದು

ಕಾಕುವಿನ ಬಲಗೈ ಅಂಗೈವರೆಗೆ ವಿಸಿಆರ್‌ನ ಬಾಯಲ್ಲಿ ಸಿಕ್ಕಿಕೊಂಡಿತ್ತು. ಒಳಗೆ ಟೇಪು ಸುತ್ತಿಕೊಂಡಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ.

"ನೋಡ್ಕೋತ ನಿಂತಾನ ಮಬ್ಬ! ಸ್ವಿಚ್ ಬಂದ್ ಮಾಡಲೇ!"

"ನೀ ಮೊದಲ ಕೈ ತಗೀ ಕಾಕು. ಶಾಕ್ ಹೊಡೀತೈತಿ."

"ಕೈ ತಗದ್ರ ಟೇಪ ಹರೀತೈತಿ. ನನಗ ಹೊಡದ್ರ ಹೊಡೀಲಿ."

ಸ್ವಿಚ್ ತೆಗೆದೆ. ಅವಳು ಬೆರಳ ತುದಿಯಿಂದ ಒಳಗಿನ ಟೇಪನ್ನು ಒಂದೊಂದೇ ಸುತ್ತು ಬಿಡಿಸಿದಳು. ತೋರುಬೆರಳಿನ ಉಗುರು ಉದ್ದ ಇತ್ತು, ತಂಬಾಕಿನಿಂದ ಕಂದು ಬಣ್ಣಕ್ಕೆ ತಿರುಗಿತ್ತು. ಬೀಡಿಯ ತುದಿ ಮಡಿಚಲು ಅವಳು ಬೆಳೆಸಿದ್ದ ಉಗುರು ಅದು. ಅದರಿಂದಲೇ ಟೇಪನ್ನು ಎತ್ತಿ, ಎಲ್ಲೂ ಮಡಿಕೆ ಬೀಳದ ಹಾಗೆ ಹೊರಗೆ ತಂದಳು. ಆಮೇಲೆ ಚಕ್ರದಲ್ಲಿ ಬೆರಳಿಟ್ಟು ತಿರುಗಿಸಿ ಒಳಗೆ ಎಳೆದುಕೊಂಡಳು. ಅಷ್ಟಾದ ಮೇಲೆಯೇ ನನಗೆ "ಬಾ, ಕುಂದ್ರು" ಎಂದಳು.

ನಿಪ್ಪಾಣಿಯಲ್ಲಿ ನಾವಿರುವ ಓಣಿಯಲ್ಲಿ ಚಿಕ್ಕಮ್ಮನಿಗೆ ಕಾಕು ಎನ್ನುತ್ತಾರೆ. ಇವಳು ನನ್ನ ಚಿಕ್ಕಮ್ಮ ಅಲ್ಲ, ಪಕ್ಕದ ಮನೆಯವಳು. ಓಣಿಗೆಲ್ಲ ಕಾಕು. ಗಂಡ ಬಸ್ ಕಂಡಕ್ಟರ್ ಆಗಿದ್ದರು. ನಾನು ಎಂಟನೆಯ ಇಯತ್ತೆ ಫೇಲ್ ಆದ ವರ್ಷ ತೀರಿಕೊಂಡರು. ಒಬ್ಬಳೇ ಮಗಳು, ಅಥಣಿಗೆ ಕೊಟ್ಟಿದ್ದರು. ಕಾಕು ಬೀಡಿ ಕಟ್ಟುತ್ತಿದ್ದಳು. ಮೊರ ತೊಡೆಯ ಮೇಲೆ ಇಟ್ಟುಕೊಂಡು ಹೊಸ್ತಿಲಲ್ಲಿ ಕೂತರೆ ಹೋಗಿಬರುವವರಿಗೆಲ್ಲ ಒಂದೊಂದು ಮಾತು ಬೀಳುತ್ತಿತ್ತು. "ಏನವಾ, ಇಷ್ಟ ಪೌಡರ್ ಹಚ್ಕೊಂಡ ಎಲ್ಲಿ ಹೊಂಟಿ, ಹಿಟ್ಟಿನ ಗಿರಣ್ಯಾಗ ಬಿದ್ದಿದ್ಯೇನ?" ಬೈಸಿಕೊಂಡವರಿಗೇ ಚಹಾ ಕೊಡುತ್ತಿದ್ದಳು.

ನನಗೆ ಅವಳು ಮಾಡಿದ್ದು ಒಂದು ಹೇಳುತ್ತೇನೆ. ಶಾಲೆ ಬಿಟ್ಟು ನಾಲ್ಕೈದು ವರ್ಷ ಕೆಲಸ ಇಲ್ಲದೆ ತಿರುಗುತ್ತಿದ್ದೆ. ಅಪ್ಪ ಮಾತು ಬಿಟ್ಟಿದ್ದ. ಲೈಸೆನ್ಸ್ ಪರೀಕ್ಷೆಗೆ ನನ್ನ ಜೊತೆ ಚಿಕ್ಕೋಡಿಗೆ ಬಂದವಳು ಕಾಕು. ರಸ್ತೆಯ ಚಿಹ್ನೆಗಳ ಹಾಳೆಯನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಿಡಿದು ಕೇಳಿದಳು. ಅವಳಿಗೂ ಓದು ಅಷ್ಟಕ್ಕಷ್ಟೇ. ತಪ್ಪು ಹೇಳಿದಾಗೊಮ್ಮೆ ತಲೆಗೆ ಒಂದು ಬಿಡುತ್ತಿದ್ದಳು. ನಾನು ಪರೀಕ್ಷೆ ಕೊಟ್ಟು ಹೊರಗೆ ಬರುವವರೆಗೂ ಗೇಟಿನ ಹೊರಗೆ ಮರದ ಕೆಳಗೆ ಬೀಡಿ ಕಟ್ಟುತ್ತ ಕೂತಿದ್ದಳು. ಪಾಸಾದೆ ಎಂದಾಗ, "ಇನ್ನ ಯಾರ ಮ್ಯಾಲೂ ಹಾಯಿಸಬ್ಯಾಡ" ಎಂದಳು. ಅಷ್ಟೇ. ಇವತ್ತು ನಾನು ಟೆಂಪೊ ಓಡಿಸಿ ಊಟ ಮಾಡುತ್ತೇನೆ.

ಆ ಕ್ಯಾಸೆಟ್ಟು ಅವಳ ಮದುವೆಯದು. ವಿಸಿಆರ್ ಕಾಕಾ, ಅಂದರೆ ಅವಳ ಗಂಡ, ತಂದದ್ದು. ವಿಡಿಯೊ ಬಾಡಿಗೆ ಕೊಡುವ ಅಂಗಡಿಯೊಂದು ಮುಚ್ಚಿದಾಗ ಸೆಕೆಂಡ್‌ಹ್ಯಾಂಡ್ ಹಿಡಿದಿದ್ದರಂತೆ. ಅವರು ಹೋದ ಮೇಲೆ ಕಾಕು ಅದರಲ್ಲಿ ಬೇರೇನೂ ನೋಡಲಿಲ್ಲ. ವಾರಕ್ಕೊಮ್ಮೆ ಮಧ್ಯಾಹ್ನ ಕ್ಯಾಸೆಟ್ ಹಾಕುವಳು. ಅದೂ ಪೂರ್ತಿ ಅಲ್ಲ. ಒಂದೇ ಜಾಗ.

ಊಟದ ಎಲೆಯ ಮುಂದೆ ಮದುಮಕ್ಕಳು ಹೆಸರು ಹೇಳುವ ಜಾಗ. ನಮ್ಮ ಕಡೆ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹಿಡಿಯುವುದಿಲ್ಲ. ಮದುವೆಯಲ್ಲಿ ಮಾತ್ರ ಒಡಪು ಹಾಕಿ, ಎರಡು ಸಾಲಿನ ಪದದಲ್ಲಿ ಹೆಸರು ಸೇರಿಸಿ ಹೇಳಿಸುತ್ತಾರೆ. ಹೇಳದಿದ್ದರೆ ತುತ್ತು ಎತ್ತಲು ಬಿಡುವುದಿಲ್ಲ. ಕಾಕಾ ಆಗಷ್ಟೇ ನೌಕರಿಗೆ ಸೇರಿದ್ದರು. ಎರಡು ಸಲ ಕೆಮ್ಮಿದರು. ಯಾರೋ ಹಿಂದಿನಿಂದ "ಜೋರ ಹೇಳ್ರಿ ಕಂಡಕ್ಟರ್" ಎಂದು ಕೂಗಿದರು. ಆಗ ಅವರು ಹೇಳಿದ್ದು:

"ರಾಯಬಾಗ ಬಿಟ್ಟ ಬಂತು ಚಿಕ್ಕೋಡಿ ಗಾಡಿ,
ಇಕಿ ಸಂಗಾಟ ಹತ್ತೇನಿ, ಸೀಟ ಕೊಡ್ರಿ ಜೋಡಿ."

'ಇಕಿ' ಎಂದು ನಾನು ಬರೆದ ಜಾಗದಲ್ಲಿ ಕಾಕುವಿನ ಹೆಸರಿತ್ತು. ಮಂದಿ ನಕ್ಕು ಒದರಿದರು. ಕಾಕು ಅಲ್ಲಿಗೆ ನಿಲ್ಲಿಸಿ, ಹಿಂದೆ ಸುತ್ತಿ, ಮತ್ತೆ ಕೇಳುತ್ತಿದ್ದಳು.

"ಮನ್ಯಾಗ ಇಪ್ಪತ್ತ ವರ್ಷ 'ಏ', 'ಕೇಳಿಸ್ತೇನ', ಇಷ್ಟಽ. ನನ್ನ ಹೆಸರ ಅವರ ಬಾಯಾಗ ಬಂದದ್ದು ಅದೊಂದಽ ಸಲ" ಎಂದು ನನಗೂ ಹೇಳಿದ್ದಳು. ಒಂದು ಸಲ ಅಲ್ಲ, ಹತ್ತು ಸಲ ಹೇಳಿದ್ದಳು. ಹಾಗಾಗಿ ನನಗೆ ಗೊತ್ತಿರಲಿಲ್ಲ ಎನ್ನಲು ಬರುವುದಿಲ್ಲ.

ಅವಳ ಡಬ್ಬಾ ಟೀವಿ ಕೆಟ್ಟಿತು. ರಿಪೇರಿ ಮಾಡುವವರು ಯಾರೂ ಉಳಿದಿರಲಿಲ್ಲ. ಅಥಣಿಯ ಅಕ್ಕ, ಅಂದರೆ ಅವಳ ಮಗಳು, ತೆಳು ಟೀವಿ ಕೊಡಿಸಿದಳು. ನಾನೇ ಟೆಂಪೊದಲ್ಲಿ ತಂದು ಗೋಡೆಗೆ ಹಾಕಿದೆ. ಆದರೆ ವಿಸಿಆರ್‌ನ ಹಳದಿ, ಬಿಳಿ, ಕೆಂಪು ವೈರುಗಳಿಗೆ ಹೊಸ ಟೀವಿಯಲ್ಲಿ ತೂತೇ ಇರಲಿಲ್ಲ. ನಡುವೆ ಹಾಕುವ ಸಣ್ಣ ಡಬ್ಬಿ ಸಿಗುತ್ತದೆ ಎಂದು ಆಮೇಲೆ ಗೊತ್ತಾಯಿತು. ಆಗ ನಾನು ಹುಡುಕಲಿಲ್ಲ. ಹಳೆಯದರ ಹಿಂದೆ ಓಡಾಡುವುದು ನನಗೆ ಸಿಟ್ಟು ತರುತ್ತಿತ್ತು.

"ಕಾಕು, ಪೆನ್‌ಡ್ರೈವ್‌ನ್ಯಾಗ ಹಾಕ್ಸೂಣು. ಒಂದ ದಿನದ ಕೆಲಸ."

ಅವಳು ಪೆನ್‌ಡ್ರೈವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದನ್ನ ತೆರದ ತೋರ್ಸು."

"ತೆರ್ಯಾಕ ಬರಂಗಿಲ್ಲ."

"ಮತ್ತ ಸಿಕ್ಕೊಂಡ್ರ ಹೆಂಗ ಬಿಡಸೂದು?"

"ಇದರಾಗ ಸಿಕ್ಕೊಳ್ಳಾಕ ಏನೂ ಇಲ್ಲ. ಓಣ್ಯಾನ ಎಲ್ಲಾರ ಲಗ್ನ ಇದರಾಗ ಹಿಡಸ್ತಾವ."

"ಎಲ್ಲಾರದು ಬ್ಯಾಡಪಾ. ಗದ್ಲ ಆಗ್ತೈತಿ."

ಹೀಗೆ ಒಂದು ವರ್ಷ. ಆ ವರ್ಷ ಅವಳು ಕ್ಯಾಸೆಟ್ ನೋಡಲೇ ಇಲ್ಲ. ಬೀಡಿ ಎಲೆ ತರುವವನನ್ನು ಕೇಳಿದಳು, ಕಾಕಾನ ಜೊತೆಗಿದ್ದ ಡ್ರೈವರುಗಳನ್ನು ಕೇಳಿದಳು, ಹಾಲಿನವನನ್ನೂ ಕೇಳಿದಳು. ಎಲ್ಲರೂ ಮಾಡಿಸು ಎಂದರು. ಅವಳಿಗೆ ಮಾತ್ರ ಧೈರ್ಯ ಬರಲಿಲ್ಲ. ನಾನು ಕಂಡಾಗೊಮ್ಮೆ ಚುಚ್ಚಿದೆ. "ಟೇಪಿಗೆ ಬೂಸ್ಟ ಹತ್ತಿ ಹೋಗ್ತೈತಿ, ಆಮ್ಯಾಲ ಅಳ್ಕೋತ ಕುಂದ್ರು" ಎಂದೆ. ಈ ಮಾತು ತಾಗಿತು. ಮರುದಿನ ಬೆಳಿಗ್ಗೆ ಕ್ಯಾಸೆಟ್ಟನ್ನು ಒಗೆದ ಟವೆಲ್ಲಿನಲ್ಲಿ ಸುತ್ತಿ ತಂದು ಕೈಗಿಟ್ಟಳು.

"ಬಿಸಲಾಗ ಇಡಬ್ಯಾಡ. ಎಂಜಿನ್ ಮ್ಯಾಲ ಇಡಬ್ಯಾಡ. ಏನೂ ತಗೀಬ್ಯಾಡಂತ ಹೇಳ ಅವಗ. ಹೆಂಗೈತಿ ಹಂಗ ಇರ್ಲಿ."

"ಆತ ತಗೋ ಕಾಕು, ಮಗಳನ್ನ ಗಂಡನ ಮನಿಗೆ ಕಳಸೂಹಂಗ ಮಾಡಾಕತ್ತಿ."

ಚಿಕ್ಕೋಡಿಯಲ್ಲಿ ಕೋರ್ಟಿನ ಹತ್ತಿರ ಒಂದು ಸ್ಟುಡಿಯೊ ಇತ್ತು. ಅವನು ಕ್ಯಾಸೆಟ್ ಹಾಕಿ, ಕಂಪ್ಯೂಟರಿಗೆ ಇಳಿಸಿಕೊಂಡು, ಕಿವಿಯಿಂದ ಹೆಡ್‌ಫೋನ್ ತೆಗೆದ.

"ಚಿತ್ರ ಚಲೋ ಮಾಡ್ತೇನಿ. ದನಿ ಮಾತ್ರ ಹೊಲಸ ಐತಿ. ಮಂದಿ ಒದರಾಕತ್ತಾರ, ನಡುವ ಕರಕರ. ಹಾಡ ಹಾಕ್ಲಿ?"

ನಮ್ಮಲ್ಲಿ ಮದುವೆ ವಿಡಿಯೊ ಅಂದರೆ ಹಾಡು. ಮೊದಲಿನ ದನಿ ಪೂರಾ ತೆಗೆದು ಶುರುವಿನಿಂದ ಕೊನೆಯವರೆಗೆ ಹಾಡು ಹಾಕುತ್ತಾರೆ. ಹೆಣ್ಣಿನ ಕಡೆಯವರಿಗೆ ಕನ್ನಡದ್ದು, ಗಂಡಿನ ಕಡೆ ಮರಾಠಿ ಇದ್ದರೆ ಮರಾಠಿಯದು, ಯಾರಿಗೂ ಬೇಜಾರಾಗಬಾರದು ಎಂದು ಒಂದಾದ ಮೇಲೆ ಒಂದು. ಹಾಡಿಲ್ಲದ ಮದುವೆ ವಿಡಿಯೊ ಬಡವರ ಮನೆಯದು ಎಂದೇ ಲೆಕ್ಕ. ಕಾಕು ರಾಯಬಾಗ ಕಡೆಯವಳು, ಕಾಕಾ ಮಹಾರಾಷ್ಟ್ರದ ಗಡಿಗೆ ಹತ್ತಿದ ಕೊಗನೊಳ್ಳಿಯವರು.

"ಹಾಕ್ರಿ. ಒಂದ ಕನ್ನಡ, ಒಂದ ಮರಾಠಿ. ಹೊಸಾವ ಹಾಕ್ರಿ. ಆದ್ರ ಏನೂ ತಗೀಬ್ಯಾಡ್ರಿ."

"ಒಂದ ಸೀನ್ ಸೈತ ತಗಿಯಂಗಿಲ್ಲ."

ನಾನು ಆ ಹೊತ್ತಿನಲ್ಲಿ ಕಾಕುವಿಗೆ ಒಂದು ಫೋನ್ ಮಾಡಬಹುದಿತ್ತು. ಫೋನ್ ಕೈಯಲ್ಲೇ ಇತ್ತು. ಅವಳಿಗೆ ಖುಷಿಯಾಗುತ್ತದೆ ಎಂದುಕೊಂಡೆ.

ಮೂರು ದಿನ ಬಿಟ್ಟು ಹೋದೆ. ಪೆನ್‌ಡ್ರೈವ್ ಕೊಟ್ಟ. "ಈ ಡಬ್ಬಿ ಒಯ್ತೀಯೇನ?" ಎಂದು ಕ್ಯಾಸೆಟ್ ತೋರಿಸಿದ. ಮೂಲೆ ಒಡೆದಿತ್ತು. "ಇಟ್ಕೋರಿ, ತಗೊಂಡ ಏನ್ ಮಾಡೂದು" ಎಂದೆ. ನಿಪ್ಪಾಣಿಗೆ ಬಂದ ಮೇಲೆ ಕಾಕುವಿನ ಮನೆಯ ವಿಸಿಆರನ್ನೂ ಟೆಂಪೊಗೆ ಹಾಕಿಕೊಂಡು ಹೋಗಿ ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಒಗೆದೆ. ಅವಳು "ಅಷ್ಟ ಅವಸರ ಯಾಕ?" ಎಂದಳು. "ಇನ್ನ ಅದರಾಗ ಏನ್ ಹಾಕ್ತಿ?" ಎಂದೆ.

ಎಂಟು ದಿನ ಕಾಕು ಹಾಕಲು ಬಿಡಲಿಲ್ಲ. ಅಮಾವಾಸ್ಯೆ ಮುಗಿಯಲಿ ಎಂದಳು. ಆಮೇಲೆ ಒಂದು ಮಧ್ಯಾಹ್ನ ಓಣಿಯ ಹೆಂಗಸರನ್ನೆಲ್ಲ ಕರೆದಳು. ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ನಾನು ಹಾಕಿದೆ. ಚಿತ್ರ ಭಾರಿ ಬಂದಿತ್ತು. ಸೀರೆಯ ಬಣ್ಣ ಎದ್ದು ಕಾಣುತ್ತಿತ್ತು. ಹಾಡು ಮನೆ ತುಂಬಿತು. "ಸಿನಿಮಾ ಆದಂಗ ಆಗೇತಿ ಕಾಕು!" ಎಂದರು ಹೆಂಗಸರು. ಅವಳೂ ನಕ್ಕಳು. ನನಗೆ ಎದೆ ಉಬ್ಬಿತು.

ಊಟದ ಎಲೆ ಬಂತು. ಕಾಕಾ ಕೆಮ್ಮುವುದು ಕಂಡಿತು, ಕೇಳಲಿಲ್ಲ. ಹಾಡು ನಡೆದಿತ್ತು.

"ದನಿ ಏರ್ಸು" ಎಂದಳು ಕಾಕು.

ಏರಿಸಿದೆ. ಹಾಡು ಜೋರಾಯಿತು.

"ಇನ್ನ ಏರ್ಸು."

ಇನ್ನೂ ಏರಿಸಿದೆ. ಕಾಕಾನ ಬಾಯಿ ಆಡಿತು, ಮಂದಿ ನಕ್ಕರು, ಎಲ್ಲರೂ ತುತ್ತು ಎತ್ತಿದರು. ಮುಗಿಯಿತು.

"ಹಾಡ ಬಂದ್ ಮಾಡಿ ಹಾಕ."

ಆಗ ನನಗೆ ಹೊಳೆಯಿತು. "ಹಾಡ ಬಂದ್ ಮಾಡಿದ್ರ ಎಲ್ಲಾ ಬಂದ್ ಆಗ್ತೈತಿ ಕಾಕು."

"ಮತ್ತ ಅವರ ದನಿ ಎಲ್ಲಿ ಹೋತು?"

ನಾನು ರಿಮೋಟ್ ಕೆಳಗಿಟ್ಟೆ. ಕಾಕು ಎದ್ದು ಒಳಗೆ ಹೋಗಿ ಎಲ್ಲರಿಗೂ ಚಹಾ ಮಾಡಿ ತಂದಳು. ನನಗೂ ಕೊಟ್ಟಳು.

ಆ ತಾಸಿನಲ್ಲೇ ಚಿಕ್ಕೋಡಿಗೆ ಟೆಂಪೊ ಹೊಡೆದೆ. ಸ್ಟುಡಿಯೊದವನು ಕ್ಯಾಸೆಟ್ಟನ್ನು ಕಸಕ್ಕೆ ಹಾಕಿದ್ದ. ಕಂಪ್ಯೂಟರಿನಲ್ಲಿ ಜಾಗ ಬೇಕೆಂದು ಮೊದಲಿನದನ್ನು ಅಳಿಸಿದ್ದ. "ನೀನಽ ಹೇಳಿದ್ಯಲ್ಲೋ" ಎಂದ. ಖರೆ, ನಾನೇ ಹೇಳಿದ್ದೆ. ಕಸ ಸುರಿಯುವ ಜಾಗಕ್ಕೆ ಹೋಗಿ ಕೋಲಿನಿಂದ ಕೆದರಿದೆ. ಸಿಗಲಿಲ್ಲ. ಮರುದಿನ ರಾಯಬಾಗಕ್ಕೆ ಹೋಗಿ ಆ ಮದುವೆಯ ವಿಡಿಯೊ ಹಿಡಿದವನನ್ನು ಹುಡುಕಿದೆ. ಮುದುಕ ಈಗ ದನದ ಹಿಂಡಿ ಮಾರುತ್ತಾನೆ. "ಒಂದಽ ಕ್ಯಾಸೆಟ್ ಮಾಡಿ ಕೊಡ್ತಿದ್ನೆಪಾ. ನಾ ಇಟ್ಕೊಂಡ ಏನ್ ಮಾಡ್ಲಿ?" ಎಂದ. ನಾನು ಸ್ಟುಡಿಯೊದಲ್ಲಿ ಆಡಿದ ಮಾತೇ ಅದು.

ಕಾಕು ನನಗೆ ಒಂದು ಮಾತೂ ಬೈಯಲಿಲ್ಲ. ಸುಮ್ಮನೆ ನಡೆದು ಹೋಗುವವರಿಗೂ ಬೈಯುವ ಹೆಂಗಸು. ಬೈದಿದ್ದರೆ ಚಲೋ ಇತ್ತು.

ದೀಪಾವಳಿಗೆ ಅಥಣಿಯಿಂದ ಅಕ್ಕ ಬಂದಳು. ವಿಡಿಯೊ ಹಾಕಿ ನೋಡಿದಳು. "ಯಾವ ಹುಚ್ಚ ಮಾಡ್ಸ್ಯಾನ ಇದನ್ನ? ಅಪ್ಪನ ದನಿ ಎಲ್ಲೈತಿ?" ಎಂದು ಒದರಿದಳು. ನಾನು ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಿದ್ದೆ.

"ನಾನಽ ಹೇಳಿದ್ನೆವಾ ಹಾಡ ಹಾಕ್ಸಂತ" ಎಂದಳು ಕಾಕು. "ಬರೇ ಗದ್ಲ ಇತ್ತು ಅದರಾಗ."

ಅಕ್ಕ ಎರಡು ದಿನ ತಾಯಿಯ ಜೊತೆ ಮಾತಾಡಲಿಲ್ಲ. ಸಿಟ್ಟಿನಲ್ಲೇ ಬಸ್ ಹತ್ತಿದಳು. ಆಮೇಲೆ ಕಾಕುವನ್ನು ಕೇಳಿದೆ.

"ಯಾಕ ಸುಳ್ಳ ಹೇಳ್ದಿ?"

ಅವಳು ಬೀಡಿ ಕಟ್ಟುವುದನ್ನು ನಿಲ್ಲಿಸಲಿಲ್ಲ. "ತಾಯಿ ಮ್ಯಾಲಿನ ಸಿಟ್ಟ ನಾಕ ದಿನಕ್ಕ ಇಳೀತೈತಿ. ನಿನ್ನ ಮ್ಯಾಲ ಆಗಿದ್ರ ಆಕಿ ನಿನ್ನ ಈ ಹೊಸ್ತಿಲ ಹತ್ಗೊಡ್ತಿರ್ಲಿಲ್ಲ. ನನಗ ರೇಷನ್ ಯಾರ ತಂದ ಕೊಡ್ತಾರ, ನಿಮ್ಮಪ್ಪ?"

ನಾಲ್ಕು ದಿನಕ್ಕೆ ಇಳಿಯಲಿಲ್ಲ. ಅಕ್ಕ ಫೋನ್ ಮಾಡುವುದು ಕಡಿಮೆಯಾಯಿತು. ಅದು ನನಗೆ ಗೊತ್ತಿತ್ತು. ಕಾಕುವಿನ ಫೋನಿಗೆ ರೀಚಾರ್ಜ್ ಮಾಡಿಸುತ್ತಿದ್ದವನು ನಾನೇ, ಬಂದ ಕರೆಗಳು ಅದರಲ್ಲಿ ಕಾಣುತ್ತಿದ್ದವು.

ಒಂದು ದಿನ ರೇಷನ್ ಕೊಡಲು ಹೋದಾಗ ಕಾಕು ಟೀವಿಯ ಮುಂದೆ ಕೂತಿದ್ದಳು. ದನಿ ಪೂರ್ತಿ ಬಂದ್ ಮಾಡಿದ್ದಳು. ಕಾಕಾನ ಬಾಯಿ ಆಡುವ ಹೊತ್ತಿಗೆ ಸರಿಯಾಗಿ ತಾನೇ ಹೇಳುತ್ತಿದ್ದಳು, ರಾಯಬಾಗ ಬಿಟ್ಟ ಬಂತು ಚಿಕ್ಕೋಡಿ ಗಾಡಿ. ತನ್ನ ಹೆಸರಿನ ಜಾಗಕ್ಕೆ ಬಂದು ಸುಮ್ಮನಾದಳು. ಮತ್ತೆ ಹಿಂದೆ ಹಾಕಿದಳು, ಮತ್ತೆ ಅಲ್ಲೇ ನಿಂತಳು. ನಾನು ಚೀಲ ಬಾಗಿಲಲ್ಲಿಟ್ಟು ಹೊರಟುಬಂದೆ. ಅದಾದ ಮೇಲೆ ಅವಳು ಅದನ್ನು ಹಾಕಿದ್ದು ನಾನು ಕಾಣಲಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಕೊಂಡಳು. ಆಸ್ಪತ್ರೆಗೆ ಒಯ್ದದ್ದು ನಾನು, ಮನೆಗೆ ತಂದದ್ದೂ ನಾನು. ಅಕ್ಕ ಬರುವಷ್ಟರಲ್ಲಿ ಮಾತು ನಿಂತಿತ್ತು.

ಮೂರನೆಯ ದಿನ ಬೀಗರು ಕೂತಿದ್ದರು. ನಾನು ಚಹಾ ಕೊಡುತ್ತಿದ್ದೆ. ಅಕ್ಕ ಅತ್ತು ಅತ್ತು ಹೇಳಿದಳು, "ನಮ್ಮವ್ವಗ ಬುದ್ಧಿ ಇರ್ಲಿಲ್ರಿ. ಅಪ್ಪನ ದನಿ ಒಂದ ಉಳದಿತ್ತು, ಅದರ ಮ್ಯಾಲ ಸಿನಿಮಾ ಹಾಡ ಹಾಕ್ಸಿದ್ಲು. ನಾ ಆಕಿ ಸಂಗಾಟ ಛಂದಂಗ ಮಾತ ಆಡ್ಲಿಲ್ಲ."

ಒಬ್ಬ ಮುದುಕಿ ನನ್ನ ಕಡೆ ತಿರುಗಿ, "ಖರೇನಪಾ?" ಎಂದಳು. ದಿನಾ ಅವಳ ಮನೆಗೆ ಬರುವವನು ನಾನೇ ಅಲ್ಲವೇ.

"ಹೌದ್ರಿ" ಎಂದೆ.

ಅಕ್ಕಾ, ಹಾಡು ಹಾಕಿಸಿದ್ದು ನಿಮ್ಮವ್ವ ಅಲ್ಲ. ನಾನು. ಅವಳು ಏನೂ ತೆಗೆಯಬೇಡ ಎಂದೇ ಹೇಳಿ ಕಳಿಸಿದ್ದಳು. ಇಷ್ಟೇ. ಇದಕ್ಕೆ ಸೇರಿಸಲು ನನ್ನ ಹತ್ತಿರ ಇನ್ನೇನೂ ಇಲ್ಲ.