ಅಂಬುಜಾ ಬರೆದ ಶೇಕಡಾ ಅರವತ್ತೆರಡು

ಪದವಿ ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ ಅಂಬುಜಾ ಮುನ್ನೂರಕ್ಕೂ ಹೆಚ್ಚು ಪದವಿ ಪ್ರಬಂಧಗಳನ್ನು ಮುಗಿಸಿದ್ದಳು. ಅವಳು ಹುಟ್ಟಿದ್ದು ಸನ್ನತಿಯಲ್ಲಿ, ಭೀಮಾ ನದಿಯ ದಂಡೆಯ ಮನೆಯಲ್ಲಿ. ಪಿಯುಸಿ ಮುಗಿಯುತ್ತಲೇ ಮದುವೆಯಾಗಿ ವಾಡಿಗೆ ಬಂದಳು. ಗಂಡ ಉದಯಕುಮಾರ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಮನೆಯಲ್ಲಿ ಕೂತು ಬೇಜಾರಾಗಿ ಕಂಪ್ಯೂಟರ್ ಕಲಿತಳು, ಕಲಿತದ್ದು ಹಾಳಾಗಬಾರದೆಂದು ಸ್ಟೇಷನ್ ರಸ್ತೆಯಲ್ಲಿ ಒಂದು ಅಂಗಡಿ ಹಾಕಿದಳು. ಮೊದಮೊದಲು ಬರುತ್ತಿದ್ದದ್ದು ಪಹಣಿ ಅರ್ಜಿ, ಮದುವೆ ಕಾರ್ಡು, ಆಧಾರ್ ತಿದ್ದುಪಡಿ. ಸುತ್ತಲಿನ ಕಾಲೇಜುಗಳಲ್ಲಿ ಕೊನೆಯ ವರ್ಷಕ್ಕೆ ಪ್ರಬಂಧ ಬರೆಯಬೇಕೆಂಬ ನಿಯಮ ಬಂದ ಮೇಲೆ ಬೇಸಿಗೆಯಲ್ಲಿ ಅವಳ ಅಂಗಡಿಯ ಮುಂದೆ ಚಪ್ಪಲಿ ಬಿಡಲು ಜಾಗ ಇರುತ್ತಿರಲಿಲ್ಲ.

ಈ ಉದ್ಯೋಗಕ್ಕೆ ಬಂಡವಾಳ ತಾನಾಗಿಯೇ ಬಂದಿತ್ತು. ರೈಲು ಬದಲಿಸಲು ವಾಡಿಯಲ್ಲಿ ಇಳಿದಿದ್ದ ಮಂಡ್ಯದ ಕಡೆಯ ಹುಡುಗನೊಬ್ಬ ತನ್ನ ಅರ್ಥಶಾಸ್ತ್ರದ ಪ್ರಬಂಧ ಪ್ರಿಂಟ್ ಮಾಡಿಸಿಕೊಂಡು, ಮೂಲವನ್ನು ಅವಳ ಕಂಪ್ಯೂಟರಿನಲ್ಲೇ ಬಿಟ್ಟುಹೋದ. ಮಂಡ್ಯದ ಕಬ್ಬು ಬೆಳೆಗಾರರ ಮೇಲಿನ ಪ್ರಬಂಧ ಅದು. ಅಂಬುಜಾ ‘ಮಂಡ್ಯ’ ಇದ್ದಲ್ಲೆಲ್ಲ ‘ಸೇಡಂ’, ‘ಕಬ್ಬು’ ಇದ್ದಲ್ಲೆಲ್ಲ ‘ತೊಗರಿ’, ‘ಕಾವೇರಿ’ ಇದ್ದಲ್ಲೆಲ್ಲ ‘ಭೀಮಾ’ ಎಂದು ಬದಲಿಸಲು ಕಂಪ್ಯೂಟರಿಗೆ ಹೇಳಿದಳು. ಅರ್ಧ ನಿಮಿಷದಲ್ಲಿ ಹೊಸ ಪ್ರಬಂಧ ಸಿದ್ಧವಾಯಿತು. ಸೇಡಂ ತಾಲೂಕಿನ ರೈತರು ತೊಗರಿಯನ್ನು ಗಾಣಕ್ಕೆ ಹಾಕಿ ಬೆಲ್ಲ ತೆಗೆಯುತ್ತಾರೆ ಎಂಬ ವಾಕ್ಯಕ್ಕೆ ಆರು ವರ್ಷ ಮೂರು ಕಾಲೇಜುಗಳ ಮಾರ್ಗದರ್ಶಕರು ಸಹಿ ಹಾಕಿದರು. ಮಂಡ್ಯದ ಹುಡುಗ ತನ್ನ ಗುರುಗಳಾದ ಪ್ರೊ. ಕಾವೇರಿಯಪ್ಪನವರಿಗೆ ಕೃತಜ್ಞತೆ ಹೇಳಿದ್ದ. ಅವರು ಪ್ರೊ. ಭೀಮಾಯಪ್ಪ ಆದರು. ಇಂಥ ಹೆಸರಿನ ಪ್ರಾಧ್ಯಾಪಕರು ಭೂಮಿಯ ಮೇಲಿಲ್ಲ. ಆದರೂ ಮೌಖಿಕ ಪರೀಕ್ಷೆಗೆ ಬಂದಿದ್ದ ಪರೀಕ್ಷಕರೊಬ್ಬರು, “ಭೀಮಾಯಪ್ಪನೋರು ನನಗ ಭಾಳ ಬೇಕಾದೋರು. ಮೊನ್ನಿನೂ ಒಂದು ಸೆಮಿನಾರ್‌ನ್ಯಾಗ ಸಿಕ್ಕಿದ್ರು,” ಎಂದರಂತೆ.

ಹೀಗೆ ನಡೆದಿದ್ದ ಅಂಬುಜಾಳನ್ನು ಮೂವತ್ತೇಳನೆಯ ವಯಸ್ಸಿನಲ್ಲಿ ಕಾಲೇಜಿಗೆ ಅಟ್ಟಿದ್ದು ಒಂದು ಕೋಷ್ಟಕ. ಒಬ್ಬ ಉಪನ್ಯಾಸಕರು ತಮ್ಮ ಲೇಖನ ಟೈಪ್ ಮಾಡಿಸಲು ಬಂದಿದ್ದರು. ಅದರಲ್ಲಿನ ಶೇಕಡಾವಾರು ಕೂಡಿಸಿದರೆ ನೂರಾ ಹನ್ನೆರಡು ಆಗುತ್ತಿತ್ತು. ಅಂಬುಜಾ ವಿನಯದಿಂದಲೇ ತೋರಿಸಿದಳು. ಅವರು ಕನ್ನಡಕ ತೆಗೆದು ಕೇಳಿದರು:

“ನಿಂದು ಡಿಗ್ರಿ ಆಗ್ಯದೇನು?”

“ಇಲ್ರಿ ಸರ್.”

“ಮತ್ತ ಇದ್ದಂಗ ಹೊಡಿ. ಇದು ಅರ್ಥಶಾಸ್ತ್ರ, ನಿನಗ ತಿಳ್ಯಾಂಗಿಲ್ಲ.”

ಅವಳು ಇದ್ದಂತೆಯೇ ಹೊಡೆದಳು. ಜೂನ್ ಬರುತ್ತಲೇ ಚಿತ್ತಾಪುರದ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಎ.ಗೆ ಹೆಸರು ಹಚ್ಚಿ ಬಂದಳು. ಹಾಜರಾತಿಯ ವಿಷಯದಲ್ಲಿ ಆ ಕಾಲೇಜು ಉದಾರವಾಗಿತ್ತು, ಗುಬ್ಬಿಗಳನ್ನು ಬಿಟ್ಟರೆ ದಿನವೂ ತಪ್ಪದೆ ಬರುವವರು ಅಲ್ಲಿ ಯಾರೂ ಇರಲಿಲ್ಲ. ಅಂಬುಜಾ ಮಾತ್ರ ಬೆಳಗಿನ ರೈಲಿಗೆ ಹೋಗಿ, ತನ್ನ ಅರ್ಧ ವಯಸ್ಸಿನವರ ಪಕ್ಕ ಕೂತು ಬೇಡಿಕೆಯ ನಿಯಮ, ಪೂರೈಕೆಯ ನಿಯಮ ಬರೆದುಕೊಂಡು, ಮಧ್ಯಾಹ್ನಕ್ಕೆ ಮರಳಿ ಅಂಗಡಿ ತೆರೆಯುತ್ತಿದ್ದಳು. ಉದಯಕುಮಾರ ಮೊದಲು ನಕ್ಕ, ಆಮೇಲೆ ರೊಟ್ಟಿ ಮಾಡುವುದು ಕಲಿತ. ಅವನ ರೊಟ್ಟಿಗಳು ಯಾವ ನಕಾಶೆಗೂ ಹೊಂದುತ್ತಿರಲಿಲ್ಲ, ಅಂಬುಜಾ ದೂರದೆ ತಿಂದಳು.

ಕೊನೆಯ ವರ್ಷ ಅವಳೂ ಪ್ರಬಂಧ ಬರೆಯಬೇಕಾಯಿತು. ಮಾರ್ಗದರ್ಶಕನಾಗಿ ಸಿಕ್ಕವನು ಅತಿಥಿ ಉಪನ್ಯಾಸಕ ಸಿದ್ಧಲಿಂಗ. ಪಟ್ಟಿಯಲ್ಲಿ ಅವಳ ಹೆಸರು ನೋಡಿ ಅವನ ಮುಖ ಸುಣ್ಣದಂತಾಯಿತು. ಐದು ವರ್ಷದ ಹಿಂದೆ ಅವನ ಎಂ.ಎ. ಪ್ರಬಂಧ ‘ಸೇಡಂ ತಾಲೂಕಿನ ಮಹಿಳಾ ಸ್ವಸಹಾಯ ಸಂಘಗಳು’ ಮೊದಲಿಂದ ಕೊನೆಯವರೆಗೆ ಅಂಬುಜಾಳ ಅಂಗಡಿಯಲ್ಲೇ ಹುಟ್ಟಿತ್ತು. ಕ್ಲಾಸಿನ ಹೊರಗೆ ಅವಳನ್ನು ಕಂಬದ ಮರೆಗೆ ಕರೆದ.

“ಅಕ್ಕಾ, ನಿಮಗ ನಾ ಏನ್ ಹೇಳ್ಲಿ? ನನ್ನ ಪ್ರಬಂಧನೇ ತಗೋರಿ, ಇಸವಿ ಬದಲಿ ಮಾಡ್ರಿ. ನಾ ಕಣ್ಣು ಮುಚ್ಚಿ ಸೈನ್ ಹಾಕ್ತೀನಿ.”

“ಕಣ್ಣು ತೆರಕೊಂಡೇ ಹಾಕ್ರಿ ಸರ್,” ಎಂದಳು ಅಂಬುಜಾ. ಆದರೆ ಅವಳಿಗೂ ಆ ಮಾತು ಹಿಡಿಸಿತ್ತು. ಪರೀಕ್ಷೆ ಹತ್ತಿರ ಬಂದಿತ್ತು, ಅಂಗಡಿಯಲ್ಲಿ ಬೇರೆಯವರ ಪ್ರಬಂಧಗಳು ಸಾಲಾಗಿ ಕಾಯುತ್ತಿದ್ದವು. ಒಂದು ಮಧ್ಯಾಹ್ನ ಇಸವಿ ಬದಲಿಸಿದಳು, ‘ಸೇಡಂ ತಾಲೂಕು’ ಇದ್ದಲ್ಲಿ ‘ಆಡಕಿ ಹೋಬಳಿ’ ಮಾಡಿದಳು, ಮುಗಿಯಿತೆಂದು ಚಹಾ ಕುಡಿದಳು.

ಆ ವರ್ಷ ಕಾಲೇಜು ಹೊಸ ನಿಯಮ ಮಾಡಿತ್ತು. ವಿದ್ಯಾರ್ಥಿ ಉತ್ತರ ಕೊಟ್ಟವರ ಜೊತೆ ನಿಂತ ಹತ್ತು ಫೋಟೊ ಲಗತ್ತಿಸಬೇಕು, ಪ್ರತಿ ಫೋಟೊದ ಮೇಲೆ ಸ್ಥಳ ಮತ್ತು ವೇಳೆ ಮೂಡಿರಬೇಕು. ನಕಲು ತಡೆಯಲು ಮಾಡಿದ ನಿಯಮವಿದು. ಇದರಿಂದ ನಕಲಿಗೆ ಫೋಟೊ ಸೇರಿತು, ಬೇರೇನೂ ಆಗಲಿಲ್ಲ. ಅಂಬುಜಾ ಭಾನುವಾರ ಇಸ್ತ್ರಿ ಮಾಡಿದ ಸೀರೆ ಉಟ್ಟು ಸೇಡಂಗೆ ರೈಲು ಹತ್ತಿದಳು. ಅಲ್ಲಿಂದ ಬಸ್ಸಿನಲ್ಲಿ ಆಡಕಿಗೆ ಹೋದಳು.

ಆಡಕಿಯಲ್ಲಿ ಒಂದು ಸಂಘದ ಹಿರಿಯಳು ಗುಂಡಮ್ಮ. ಅರವತ್ತು ದಾಟಿದ ಹೆಂಗಸು, ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಬೇಳೆ ಹಸನು ಮಾಡುತ್ತಿದ್ದಳು. ಅಂಬುಜಾ ಬಂದ ಕಾರಣ ಹೇಳುತ್ತಲೇ ಅವಳು ಸೆರಗು ಸರಿಮಾಡಿಕೊಂಡು, ಪಕ್ಕದ ಮನೆಗಳ ಕಡೆ ಕೂಗಿದಳು:

“ಏ ಬರ್ರೇ, ಫೋಟೊದಾಕಿ ಬಂದಾಳ!”

ಒಂಬತ್ತು ಹೆಂಗಸರು ಬಂದು ಸಾಲಾಗಿ ನಿಂತರು. ಯಾರು ಎಲ್ಲಿ ನಿಲ್ಲಬೇಕು, ಯಾರ ಕೈಯಲ್ಲಿ ಕಾಗದ ಇರಬೇಕು, ಎಲ್ಲಿ ನಗಬೇಕು ಎನ್ನುವುದು ಮೊದಲು ಬಂದುಹೋದ ವಿದ್ಯಾರ್ಥಿಗಳಿಂದ ಅವರಿಗೆ ಬಾಯಿಪಾಠವಾಗಿತ್ತು. ಅಂಬುಜಾಳಿಗೆ ಮುಜುಗರವಾಯಿತು. ಬಂದದ್ದಕ್ಕೆ ಒಂದಾದರೂ ಪ್ರಶ್ನೆ ಕೇಳೋಣವೆಂದು, “ನಿಮ್ಮಾಗ ಎಷ್ಟು ಮಂದಿಗಿ ಹೊಲಗಿ ಬರ್ತದ್ರಿ?” ಎಂದಳು.

ಗುಂಡಮ್ಮನ ನಗು ಆರಿಹೋಯಿತು.

“ಅದೊಂದು ಕೇಳಬ್ಯಾಡ ತಂಗಿ. ಹೋದ ವರ್ಷ ಒಂದು ಸಂಸ್ಥೆದೋರು ಹೊಲಗಿ ಕಲಸ್ತೀವಿ, ಮಿಷನ್ ಕೊಡ್ತೀವಿ ಅಂದಿದ್ರು. ನಾವೆಲ್ಲಾ ಹೆಸರು ಕೊಟ್ಟಿದ್ವಿ. ಆಮ್ಯಾಲ ಒಬ್ಬಾಂವ ಪುಸ್ತಕ ಹಿಡಕೊಂಡು ಬಂದ. ನಿಮ್ಮ ತಾಲೂಕಿನ್ಯಾಗ ನೂರಕ್ಕ ಅರವತ್ತೆರಡು ಹೆಂಗಸರಿಗಿ ಹೊಲಗಿ ಬರ್ತದಂತ ಬರ್ದದ, ನಿಮಗ್ಯಾಕ ಮತ್ತ, ಅಂದ. ಮಿಷನ್ ಬ್ಯಾರೆ ಕಡಿ ಹೋದ್ವು.”

“ಆ ಪುಸ್ತಕ ಇಲ್ಲೇ ಬಿಟ್ಟುಹೋಗ್ಯಾನೇನ್ರಿ?”

ಬಾಗಿಲ ಸಂದಿಯಿಂದ ಗುಂಡಮ್ಮ ಒಂದು ತೆಳ್ಳನೆಯ ಪುಸ್ತಿಕೆ ತಂದಳು. ಎಣ್ಣೆ ಡಬ್ಬಿಯ ಕೆಳಗಿಟ್ಟು ಅದರ ಮೇಲೆ ಉಂಗುರದ ಕಲೆ ಬಿದ್ದಿತ್ತು. ಅಂಬುಜಾ ಹಾಳೆ ತಿರುವಿದಳು. ಅರವತ್ತೆರಡು ಇತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಆಧಾರವಾಗಿ ಸಿದ್ಧಲಿಂಗನ ಪ್ರಬಂಧ, ಪುಟ ನಲವತ್ತೊಂದು.

ಆ ಪುಟ ಹುಟ್ಟಿದ ಗಳಿಗೆ ಅವಳಿಗೆ ಚೆನ್ನಾಗಿ ನೆನಪಿತ್ತು. ಕೌಂಟರಿಗೆ ಮೊಣಕೈ ಊರಿ ನಿಂತಿದ್ದ ಸಿದ್ಧಲಿಂಗ, “ಅಕ್ಕಾ, ಅರ್ಧಕ್ಕಿಂತ ಜಾಸ್ತಿ ಇರ್ಲಿ, ಗೈಡ್‌ಗ ಖುಷಿ ಆಗ್ತದ,” ಎಂದಿದ್ದ. ಅವಳು ಅರವತ್ತು ಎಂದು ಹೊಡೆದಳು. ತೀರ ದುಂಡಗೆ ಕಂಡಿತು. ಎರಡು ಸೇರಿಸಿದಳು.

“ಆ ಲೆಕ್ಕಾ ಬರ್ದಾಂವ ನನ್ನ ಕೈಗಿ ಸಿಗಬೇಕು ನೋಡು,” ಎಂದಳು ಗುಂಡಮ್ಮ.

ಅಂಬುಜಾ ಪುಸ್ತಿಕೆ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು. ಹೊರಡುವ ಬಸ್ಸಿಗೆ ಇನ್ನೂ ವೇಳೆಯಿತ್ತು. ಸುಮ್ಮನಿದ್ದುಬಿಡಬಹುದಿತ್ತು.

“ಅಂವ ಅಲ್ರಿ ಅವ್ವಾ, ಬರ್ದಾಕಿ ನಾನೇ.”

ಹೆಂಗಸರೆಲ್ಲ ಅವಳನ್ನೇ ನೋಡಿದರು. ಅಂಬುಜಾ ತನ್ನ ಅಂಗಡಿ, ಕಂಪ್ಯೂಟರ್, ಅರವತ್ತು, ಅದರ ಮೇಲಿನ ಎರಡು, ಎಲ್ಲ ಹೇಳಿದಳು. ಗುಂಡಮ್ಮ ಮೊರದಲ್ಲಿನ ಹರಳು ಆರಿಸಿ ಆರಿಸಿ ಎಸೆದಳು. ಆಮೇಲೆ ಕೇಳಿದಳು:

“ನಮ್ಮೂರು ನೋಡಿದ್ದೇನು ನೀ ಆವಾಗ?”

“ಇಲ್ರಿ.”

“ಈಗ ನೋಡು. ಒಂದೊಂದು ಮನಿ ಹೊಕ್ಕು ಕೇಳು. ನಾನೇ ಕರಕೊಂಡು ಹೋಗ್ತೀನಿ. ಒಂದು ಮನಿ ಬಿಟ್ಟೀದಿ ಅಂದ್ರ ಬಿಡಾಂಗಿಲ್ಲ.”

ಆರು ಭಾನುವಾರ ಅಂಬುಜಾ ಆಡಕಿಗೆ ಹೋದಳು. ಗುಂಡಮ್ಮ ಮುಂದೆ, ಇವಳು ಹಿಂದೆ. ಅವಳ ಪ್ರಶ್ನಾವಳಿ ಮೊದಲ ಮನೆಯಲ್ಲೇ ಸೋತಿತು. “ಕುಟುಂಬದಲ್ಲಿ ಪ್ರಮುಖ ನಿರ್ಧಾರಗಳನ್ನು ಕೈಗೊಳ್ಳುವವರು ಯಾರು?” ಎಂದು ಓದಿದಾಗ ಆ ಮನೆಯ ಹೆಂಗಸು ಸ್ವಲ್ಪ ಯೋಚಿಸಿ, “ಪಲ್ಯ ಏನ್ ಮಾಡೋದಂತ ನಾ ಹೇಳ್ತೀನ್ರಿ. ಉಪ್ಪು ಕಮ್ಮಿ ಬಿದ್ದದಂತ ಅಂವ ಹೇಳ್ತಾನ,” ಎಂದಳು. ಹೌದು, ಇಲ್ಲ, ಭಾಗಶಃ ಎಂಬ ಮೂರು ಚೌಕಗಳಲ್ಲಿ ಈ ಉತ್ತರ ಎಲ್ಲಿಯೂ ಕೂಡಲಿಲ್ಲ. ಇನ್ನೊಬ್ಬಳು ತನಗೆ ಹೊಲಿಗೆ ಬರುತ್ತದೆ ಎಂದಳು, ಕೇಳಿದರೆ ಗುಂಡಿ ಹಚ್ಚಲು ಬರುತ್ತಿತ್ತು. ಗುಂಡಮ್ಮ ಅಲ್ಲೇ ತೀರ್ಪು ಕೊಟ್ಟಳು: “ಗುಂಡಿ ಹೊಲಗಿ ಅಲ್ಲ. ಹೊಡದುಹಾಕು.”

ಊರಿನ ಸಂಘಗಳವರ ನಲವತ್ತೆಂಟು ಮನೆಗಳಾದವು. ಹೊಲಿಗೆ ಬರುತ್ತಿದ್ದದ್ದು ಏಳು ಮಂದಿಗೆ. ಅಂಬುಜಾ ಲೆಕ್ಕ ಹಾಕಿದಳು: ಶೇಕಡಾ ಹದಿನಾಲ್ಕು ಪಾಯಿಂಟ್ ಐದು ಎಂಟು. ಇಷ್ಟು ವರ್ಷದಲ್ಲಿ ತಾನು ಇಂಥ ಅಂದಗೇಡಿ ಸಂಖ್ಯೆಯನ್ನು ಒಮ್ಮೆಯೂ ಹುಟ್ಟಿಸಿರಲಿಲ್ಲ ಎಂದು ಅವಳಿಗೆ ಅನಿಸಿತು. ಅದನ್ನು ಹಾಗೆಯೇ ಬರೆದಳು. ಹಿಂದಿನ ಅಧ್ಯಯನದ ಅರವತ್ತೆರಡು ತಪ್ಪೆಂದೂ ಬರೆದಳು.

ಕರಡು ಓದಿದ ಸಿದ್ಧಲಿಂಗ ಕುರ್ಚಿಯಿಂದ ಎದ್ದೇ ನಿಂತ.

“ಅಕ್ಕಾ, ಹಿಂದಿನ ಅಧ್ಯಯನ ಅಂದ್ರ ನಂದೇ ಅಲ್ಲೇನು! ನನ್ನ ವಿದ್ಯಾರ್ಥಿ ನನ್ನ ಪ್ರಬಂಧ ಖೋಟಾ ಅಂತ ಬರೀತಾಳ, ಅದಕ್ಕ ನಾನೇ ಸೈನ್ ಹಾಕಬೇಕು! ಮುಂದಿನ ವರ್ಷ ನನ್ನ ಕರೀತಾರೇನ್ರಿ ಇವರು?”

ಹನ್ನೊಂದು ತಿಂಗಳಿಗೊಮ್ಮೆ ನೌಕರಿ ಹೋಗಿ ಬರುವ ಮನುಷ್ಯ ಅವನು, ಮನೆಯಲ್ಲಿ ಎರಡು ಸಣ್ಣ ಮಕ್ಕಳು. ಅಂಬುಜಾ ಪೆನ್ನು ತೆಗೆದು, ತಪ್ಪು ಎಂಬುದರ ಪಕ್ಕ ಒಂದು ಸಾಲು ಸೇರಿಸಿದಳು: ‘ಈ ದೋಷವು ಸದರಿ ಪ್ರಬಂಧವನ್ನು ಬೆರಳಚ್ಚು ಮಾಡಿದವರಿಂದ ಆಗಿರುತ್ತದೆ.’

ಸಿದ್ಧಲಿಂಗ ಎರಡು ಸಲ ಓದಿದ. “ಇದು ಖರೇನೇ ಅದಲ್ಲಕ್ಕಾ!” ಎಂದು ಸಂತೋಷದಿಂದ ಸಹಿ ಹಾಕಿದ. ಈ ಸಲ ಕಣ್ಣು ತೆರೆದೇ ಇದ್ದವು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಡಾ. ರೇವಣಸಿದ್ದಯ್ಯ. ನಕಲು ಹಿಡಿಯುವ ಹೊಸ ಸಾಫ್ಟ್‌ವೇರ್ ಅವರ ಲ್ಯಾಪ್‌ಟಾಪಿನಲ್ಲಿತ್ತು. ಅದನ್ನು ಎಲ್ಲರ ಕಡೆ ತಿರುಗಿಸಿ ತೋರಿಸುವುದರಲ್ಲೇ ಅವರಿಗೆ ಅರ್ಧ ದಿನ ಕಳೆಯಿತು. ಅಂಬುಜಾಳ ಸರದಿ ಬಂದಾಗ ಪರದೆಯ ಮೊದಲ ಪುಟ ಪೂರ್ತಿ ಕೆಂಪಾಯಿತು.

“ಏನವ್ವಾ ಇದು? ‘ಭಾರತವು ಹಳ್ಳಿಗಳಿಂದ ಕೂಡಿದ ದೇಶವಾಗಿದ್ದು, ಹಳ್ಳಿಗಳು ಮಹಿಳೆಯರಿಂದ ಕೂಡಿವೆ.’ ಈ ಪೀಠಿಕೆ ಎಪ್ಪತ್ತೊಂದು ಪ್ರಬಂಧದಾಗ ಅದ! ಈ ವಯಸ್ಸಿನ್ಯಾಗ ನಕಲು ಮಾಡ್ಲಿಕ್ಕ ನಾಚಿಕಿ ಬರಂಗಿಲ್ಲೇನು? ಮೂಲ ಬರದವರಿಗಾದ್ರೂ ಒಂದು ಥ್ಯಾಂಕ್ಸ್ ಹೇಳಬೇಕಿತ್ತು.”

ಆ ವಾಕ್ಯ ಅಂಬುಜಾ ಒಂದು ಮಳೆಗಾಲದಲ್ಲಿ, ಕರೆಂಟು ಹೋಗುವ ಮೊದಲು ಬೇಗ ಬೇಗ ಹೊಸೆದದ್ದು. ಅವಳು ಸಿದ್ಧಲಿಂಗನ ಕಡೆ ನೋಡಿದಳು. ಸಿದ್ಧಲಿಂಗ ಫ್ಯಾನಿನ ಕಡೆ ನೋಡಿದ.

“ತಪ್ಪಾಯ್ತ್ರಿ ಸರ್,” ಎಂದಳು.

“ಮತ್ತ ಈ ಹದಿನಾಲ್ಕು ಪಾಯಿಂಟ್ ಐದು ಎಂಟು? ಇಂಥಾ ಸಂಖ್ಯೆ ಎಲ್ಲ್ಯಾದ್ರೂ ಬರ್ತದೇನು? ಕ್ಷೇತ್ರಕಾರ್ಯ ನೀಟಾಗಿ ಮಾಡಬೇಕು.”

ಅದಕ್ಕೆ ಮಾತ್ರ ಅವಳು ಸುಮ್ಮನಾಗಲಿಲ್ಲ. ಏಳು ಹೆಂಗಸರ ಹೆಸರು, ಮನೆ, ಅವರಿಗೆ ಹೊಲಿಗೆ ಕಲಿಸಿದವರು ಯಾರು ಎನ್ನುವುದನ್ನು ಒಂದೊಂದಾಗಿ ಹೇಳತೊಡಗಿದಳು. ಐದನೆಯ ಮನೆಗೆ ಬರುವಷ್ಟರಲ್ಲಿ ಊಟದ ಗಂಟೆಯಾಯಿತು. ನೂರಕ್ಕೆ ಐವತ್ತೊಂದು ಬಿದ್ದವು. ಅದೇ ದಿನ, ಅವಳದೇ ಹಳೆಯ ಪ್ರಬಂಧವೊಂದನ್ನು ಶಹಾಬಾದಿನಲ್ಲಿ ಇದೇ ಉದ್ಯೋಗ ಮಾಡುವ ಅಬ್ದುಲ್ ಕರೀಮ್‌ನ ಅಂಗಡಿಯಲ್ಲಿ ಪಡೆದು ತಂದಿದ್ದ ಸಹಪಾಠಿ ಅಂಬರೇಶನಿಗೆ ಎಂಬತ್ತೆಂಟು. ಅಬ್ದುಲ್ ಕರೀಮ್ ಜಾಣ, ವಾಕ್ಯಗಳ ಪದಗಳನ್ನು ಹಿಂದುಮುಂದು ಮಾಡಿಕೊಡುತ್ತಿದ್ದ. ‘ದೇಶವಾಗಿದ್ದು ಹಳ್ಳಿಗಳಿಂದ ಭಾರತವು ಕೂಡಿದ’ ಎಂಬುದನ್ನು ಓದಿ ಪರೀಕ್ಷಕರು, ಭಾಷೆ ಸ್ವಂತದ್ದು ಎಂದು ಮೆಚ್ಚಿದರು.

ರೈಲಿನಲ್ಲಿ ವಾಡಿಗೆ ಮರಳುವಾಗ ಅಂಬುಜಾಳಿಗೆ ಅಳು ಬಂತು. ಸ್ಟೇಷನ್ನಿನಲ್ಲಿ ಹಸಿರು ಬಾವುಟ ಹಿಡಿದು ನಿಂತಿದ್ದ ಉದಯಕುಮಾರನನ್ನು ನೋಡಿ ನಗುವೂ ಬಂತು. “ಪಾಸ್ ಆದಿ?” ಎಂದ. “ಆದೆ.” “ಮುಗೀತು ಬಿಡು.”

ಮುಗಿದಿರಲಿಲ್ಲ. ಅವಳು ತನ್ನ ಪ್ರಬಂಧದ ಮೂರನೆಯ ಅಧ್ಯಾಯ, ನಲವತ್ತೆಂಟು ಮನೆಗಳ ಪಟ್ಟಿ, ಗುಂಡಮ್ಮನ ಸಂಘದ ಅರ್ಜಿ ಎಲ್ಲ ಸೇರಿಸಿ ಆ ಸಂಸ್ಥೆಗೆ ಕಳಿಸಿದಳು. ಉತ್ತರ ಬರಲಿಲ್ಲ. ಮತ್ತೆ ಕಳಿಸಿದಳು. ಮೂರನೆಯ ಸಲ ಅವಳೂ ಗುಂಡಮ್ಮನೂ ಅವರ ಕಚೇರಿಗೇ ಹೋಗಿ ಕೂತರು. ಅಲ್ಲಿನ ಅಧಿಕಾರಿಗೆ ಆ ಅಧ್ಯಾಯಕ್ಕಿಂತ ಗುಂಡಮ್ಮನ ಬಾಯಿ ಹೆಚ್ಚು ಪರಿಣಾಮ ಮಾಡಿತು. ಎಂಟು ಮಿಷನ್ ಕೇಳಿದ್ದರು, ನಾಲ್ಕು ಬಂದವು.

ಅಂಗಡಿಯಲ್ಲಿ ಅಂಬುಜಾ ಪ್ರಬಂಧ ಹುಟ್ಟಿಸುವುದನ್ನು ಬಿಟ್ಟಳು, ತಂದದ್ದನ್ನು ಟೈಪ್ ಮಾಡಿಕೊಡುತ್ತಾಳೆ ಅಷ್ಟೇ. ಗಿರಾಕಿಗಳು ಹೆಚ್ಚಾಗಿ ಶಹಾಬಾದಿನ ದಾರಿ ಹಿಡಿದರು. ಈಚೆಗೆ ಅದೇ ಸಂಸ್ಥೆಯಿಂದ ಒಬ್ಬ ಫೋನ್ ಮಾಡಿದ. ಚಿಂಚೋಳಿ ತಾಲೂಕಿನಲ್ಲಿ ಸಮೀಕ್ಷೆ ಇದೆ, ಡಿಗ್ರಿ ಆದವರು ಬೇಕು ಎಂದ.

“ಫಾರಂ ಕಳಿಸ್ತೀವ್ರಿ ಮೇಡಂ. ಊರೂರು ತಿರುಗಿ ಪರೇಶಾನ್ ಆಗಬ್ಯಾಡ್ರಿ, ಅಲ್ಲೇ ಕುಂತು ತುಂಬಿಬಿಡ್ರಿ. ನಿಮಗ ರೂಢಿ ಅದ ಅಂತ ಕೇಳಿವಿ.”

ಅಂಬುಜಾ ಫಾರಂ ತರಿಸಿಕೊಂಡಳು. ಮರುದಿನ ಬೆಳಿಗ್ಗೆ ಉದಯಕುಮಾರ ಕಟ್ಟಿಕೊಟ್ಟ ರೊಟ್ಟಿಗಂಟು ಚೀಲಕ್ಕೆ ಹಾಕಿ, ಚಿಂಚೋಳಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದಳು.